ನಾಯಿ ಹೋದಮೇಲೆ ಕಾಣೋ ಗುರುತುಗಳು ನಿಜಾನಾ? ನನಗಾಗಿದ್ದನ್ನ ಹೇಳ್ತೀನಿ

ನೀವು ಕೇಳಿರೋದು ಇಷ್ಟು: ನಾಯಿ ಹೋಗಿ ಮೂರು ವಾರ ಆಯ್ತು, ಆವತ್ತಿಂದ ಒಂದು ಕಿವಿ ಮಡಚ್ಕೊಂಡಿರೋ ಅದೇ ಥರದ ನಾಯಿ ಹೋದಲ್ಲೆಲ್ಲ ಎದುರಾಗ್ತಿದೆ, ರಾತ್ರಿ ನೆಲದ ಮೇಲೆ ಉಗುರಿನ ಟಕಟಕ ಸದ್ದು ಕೇಳುತ್ತೆ, ಇದೆಲ್ಲ ಅದು ಕಳಿಸ್ತಿರೋ ಗುರುತಾ ಇಲ್ಲ ನನಗೇ ತಲೆ ಕೆಟ್ಟಿದೆಯಾ ಅಂತ. ತಲೆ ಕೆಟ್ಟಿಲ್ಲ. ಅದನ್ನ ಮೊದಲೇ ಹೇಳ್ಬಿಡ್ತೀನಿ, ಯಾಕಂದ್ರೆ ಈ ಒಂದು ಮಾತು ಯಾರಾದ್ರೂ ಹೇಳ್ಲಿ ಅಂತ ನಾನು ತಿಂಗಳುಗಟ್ಟಲೆ ಕಾದಿದ್ದೆ.

ನನ್ನವನ ಹೆಸರು ಗುಂಡ. ಹನ್ನೊಂದು ವರ್ಷ ನಮ್ಮ ಜೊತೆ ಇದ್ದ. ಮರಿ ಇದ್ದಾಗ ಹೊಟ್ಟೆ ಗುಂಡಗಿತ್ತು ಅಂತ ಇಟ್ಟ ಹೆಸರು, ಬೆಳೀತಾ ಬೆಳೀತಾ ಕಡ್ಡಿ ಥರ ಆದ, ಹೆಸರು ಮಾತ್ರ ಹಾಗೇ ಉಳ್ಕೊಂತು. ಕಿಡ್ನಿ ಹೋಗಿತ್ತು. ಕೊನೇ ಒಂಬತ್ತು ದಿನ ದಿನಾ ಡ್ರಿಪ್ ಹಾಕಿಸ್ಕೊಂಡು ಬರ್ತಿದ್ವಿ, ಹತ್ತನೇ ದಿನ ಬೆಳಗಿನ ಜಾವ ನನ್ನ ಪಾದದ ಮೇಲೆ ಗಲ್ಲ ಇಟ್ಕೊಂಡು ಮಲಗಿದ್ದವನು ಹಾಗೇ ಹೋದ. ಅಷ್ಟು ವರ್ಷವೂ ಅವನು ಮಲಗ್ತಿದ್ದಿದ್ದು ಅದೇ ಥರ, ಅದಕ್ಕೇ ಅವನು ಹೋಗಿದ್ದು ಯಾವ ಗಳಿಗೇಲಿ ಅಂತ ನನಗೆ ಗೊತ್ತಾಗ್ಲೇ ಇಲ್ಲ. ಬೆಳಕಾದ ಮೇಲೂ ಸುಮಾರು ಹೊತ್ತು ಕಾಲು ಅಲ್ಲಾಡಿಸದೆ ಕೂತಿದ್ದೆ, ಎಬ್ಬಿಸೋದು ಬೇಡ ಅಂತ.

ಈಗ ನನಗಾಗಿದ್ದು ಕೇಳಿ. ಒಂದೂವರೆ ತಿಂಗಳಾಗಿತ್ತು. ಅವನ ಚೈನು, ಬೆಲ್ಟು, ತಟ್ಟೆ, ಹಾಸ್ತಿದ್ದ ಕಂಬಳಿ ಎಲ್ಲ ಮೂಲೇಲಿ ಹಾಗೇ ಬಿದ್ದಿತ್ತು, ನೋಡಿದಾಗೆಲ್ಲ ಹೊಟ್ಟೇಲಿ ಏನೋ ಆಗ್ತಿತ್ತು, ಪರಿಚಯದವರೊಬ್ಬರು ಹೊಸದಾಗಿ ಮರಿ ತಂದಿದ್ರು, ಅವರಿಗೆ ಕೊಟ್ಬಿಡೋಣ ಅಂತ ಎಲ್ಲ ಒಂದು ಚೀಲಕ್ಕೆ ತುಂಬಿ ಬಾಗಿಲ ಹತ್ರ ಇಟ್ಟೆ, ಚಪ್ಪಲಿ ಹಾಕ್ಕೊಂಡೆ, ಚೀಲ ಎತ್ಕೊಂಡೆ, ಅಷ್ಟೊತ್ತಿಗೆ ಫೋನ್ ಬಂತು. ಗೊತ್ತಿಲ್ಲದ ನಂಬರು. ವಯಸ್ಸಾದವರ ದನಿ. "ಗುಂಡ ಇದ್ದಾನೇನ್ರೀ?" ಅಂದ್ರು.

ನನಗೆ ಮಾತೇ ಹೊರಡ್ಲಿಲ್ಲ. ಯಾರು ಬೇಕು ಅಂದೆ. "ಗುಂಡ, ಗುಂಡ. ಮನೇಲಿದ್ದಾನಾ?" ಅಂದ್ರು. ರಾಂಗ್ ನಂಬರ್ ಅಂತ ಹೇಳ್ಬೇಕಿತ್ತು, ಆದ್ರೆ ಬಾಯಿಂದ ಬಂದಿದ್ದು "ಇಲ್ಲ" ಅಂತ. "ಎಲ್ಲಿಗೆ ಹೋದ?" "ಗೊತ್ತಿಲ್ಲ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಸರಿ ಬಿಡಿ, ನಾನು ಕೇಳ್ದೆ ಅಂತ ಹೇಳಿ" ಅಂದು ಇಟ್ಬಿಟ್ರು. ಆಮೇಲೆ ಆ ನಂಬರಿಂದ ಇವತ್ತಿನವರೆಗೂ ಇನ್ನೊಂದು ಫೋನ್ ಬಂದಿಲ್ಲ.

ಚೀಲದ ಪಕ್ಕ ನೆಲದ ಮೇಲೇ ಕೂತ್ಕೊಂಡೆ. ಅತ್ತೆ, ತುಂಬಾ ಹೊತ್ತು ಅತ್ತೆ, ಆದ್ರೆ ಅದು ಅಲ್ಲಿವರೆಗೂ ಅತ್ತಿದ್ದ ಥರದ್ದಲ್ಲ, ಎದೆ ಮೇಲಿಂದ ಯಾರೋ ಕಲ್ಲು ಇಳಿಸಿದ ಹಾಗಿತ್ತು. ಚೈನು ಮಾತ್ರ ತೆಗೆದಿಟ್ಕೊಂಡೆ, ಮಿಕ್ಕಿದ್ದು ಕೊಟ್ಟೆ.

ಇದು ಗುಂಡ ಮಾಡಿಸಿದ ಫೋನಾ? ನಾನು ಲೆಕ್ಕ ಹಾಕಿ ನೋಡೋ ಜನ, ಅದನ್ನೂ ಹಾಕಿದೆ. ಗುಂಡ ಅಂತ ಕರೆಸ್ಕೊಳ್ಳೋ ಮನುಷ್ಯರು ಎಷ್ಟೊಂದು ಜನ ಇದ್ದಾರೆ. ರಾಂಗ್ ನಂಬರ್ ಫೋನುಗಳೂ ಎಲ್ಲರಿಗೂ ಬರ್ತಾವೆ, ಬೇರೆ ಹೆಸರು ಕೇಳ್ಕೊಂಡು ಬಂದವು ನನಗೆ ಒಂದೂ ನೆನಪಿಲ್ಲ. 23 ಜನ ಇರೋ ಕೋಣೇಲಿ ಯಾರಾದ್ರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಇರೋ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ, ಇದನ್ನ ಮೊದಲ ಸಲ ಕೇಳಿದಾಗ ಯಾರೂ ನಂಬಲ್ಲ, ಯಾಕಂದ್ರೆ ನಾವು "ನನ್ನ ಹುಟ್ಟುಹಬ್ಬ ಇನ್ನೊಬ್ಬರಿಗೆ ಹೊಂದುತ್ತಾ" ಅಂತ ಯೋಚಿಸ್ತೀವಿ, ಪ್ರಶ್ನೆ ಇರೋದು "ಯಾರದ್ದಾದ್ರೂ ಯಾರಿಗಾದ್ರೂ ಹೊಂದುತ್ತಾ" ಅಂತ. ದುಃಖದಲ್ಲೂ ಹೀಗೇ. ನಾನು ಕಾಯ್ತಿದ್ದಿದ್ದು ಫೋನಿಗಲ್ಲ. ಅವತ್ತು ಸೋಫಾ ಕೆಳಗೆ ಅವನ ಚೆಂಡು ಸಿಕ್ಕಿದ್ರೂ, ಮೊಬೈಲು ತಾನೇ ಅವನ ಹಳೇ ಫೋಟೋ ತೋರಿಸಿದ್ರೂ, ಯಾರೋ ಅವನ ಹೆಸರು ಕೂಗಿದ್ರೂ, ಬೀದೀಲಿ ಒಂದು ನಾಯಿ ಬಂದು ಕಾಲಿಗೆ ಒರಗಿದ್ರೂ ನಾನದನ್ನ ಗುರುತು ಅಂತಲೇ ಅಂದ್ಕೊಳ್ತಿದ್ದೆ. ಅಂಥ ಸಾವಿರ ದಾರಿ ತೆರೆದಿಟ್ಟು ಕೂತಾಗ ಒಂದೂವರೆ ತಿಂಗಳಲ್ಲಿ ಒಂದೂ ಆಗ್ಲಿಲ್ಲ ಅಂದ್ರೇನೇ ಆಶ್ಚರ್ಯ. ಡಯಾಕೋನಿಸ್ ಮತ್ತು ಮೊಸ್ಟೆಲರ್ ಅನ್ನೋ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1989ರಲ್ಲಿ ಬರೆದಿದ್ದೂ ಹೆಚ್ಚುಕಮ್ಮಿ ಇದನ್ನೇ, ಅವಕಾಶಗಳು ಬೇಕಾದಷ್ಟಿದ್ರೆ ಎಂಥ ವಿಚಿತ್ರವೂ ಎಲ್ಲೋ ಒಂದು ಕಡೆ ಆಗೇ ಆಗುತ್ತೆ ಅಂತ.

ನಮ್ಮ ಭಾಷೆಲಿ ಇದಕ್ಕಿರೋ ಪದ ನೋಡಿ, ಕಾಕತಾಳೀಯ. ಕಾಗೆ ಬಂದು ತಾಳೆಮರದ ಮೇಲೆ ಕೂರೋದಕ್ಕೂ ಹಣ್ಣು ಬೀಳೋದಕ್ಕೂ ಸರಿಹೋಯ್ತು ಅಷ್ಟೇ, ಕಾಗೆ ಬೀಳಿಸಿದ್ದಲ್ಲ. ಪದದೊಳಗೇ ಉತ್ತರ ಇಟ್ಟಿದ್ದಾರೆ.

ನಿಮ್ಮ ಮಡಚಿದ ಕಿವಿ ನಾಯಿಗಳದ್ದೂ ಇದೇ ಜಾತಿ. ಒಂದು ವಿಷಯ ಮನಸ್ಸಿಗೆ ನಾಟಿದ ಮೇಲೆ ಅದೇ ಎಲ್ಲೆಲ್ಲೂ ಕಾಣೋದಕ್ಕೆ ಆರ್ನಾಲ್ಡ್ ಝ್ವಿಕಿ ಅನ್ನೋ ಭಾಷಾಶಾಸ್ತ್ರಜ್ಞರು 2005ರಲ್ಲಿ ಒಂದು ಹೆಸರೇ ಕೊಟ್ಟಿದ್ದಾರೆ, ಆವರ್ತನದ ಭ್ರಮೆ ಅಂತ ಹೇಳ್ಬಹುದು ಕನ್ನಡದಲ್ಲಿ. ಆ ನಾಯಿಗಳು ಮುಂಚೆನೂ ಅಲ್ಲೇ ಓಡಾಡ್ಕೊಂಡಿದ್ವು, ಆಗ ನಿಮ್ಮ ಕಣ್ಣು ಕೈಲಿದ್ದ ಚೈನಿನ ಆ ತುದೀಲಿರ್ತಿತ್ತು.

ರಾತ್ರಿ ಸದ್ದಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಜನ ಹೆಚ್ಚು ಹೆದರೋದು ಅದಕ್ಕೇ. ನನಗೆ ಕೇಳ್ತಿದ್ದಿದ್ದು ಬಾಲ ಬಾಗಿಲಿಗೆ ಬಡಿಯೋ ಸದ್ದು, ಸಂಜೆ ನಾನು ಮನೆಗೆ ಬಂದು ಬೀಗಕ್ಕೆ ಕೈ ಹಾಕಿದ ತಕ್ಷಣ ಒಳಗಿಂದ ಧಬ್ ಧಬ್ ಧಬ್ ಅಂತ. ಯಾರಿಗೂ ಹೇಳಿರ್ಲಿಲ್ಲ. ಎಷ್ಟೋ ದಿನ ಆದಮೇಲೆ ಗೊತ್ತಾಯ್ತು, ಅಮ್ಮನಿಗೂ ಕೇಳ್ತಿತ್ತಂತೆ, ಅವರೂ ನನಗೆ ಹೇಳಿರ್ಲಿಲ್ಲ, ಇನ್ನೊಬ್ಬರು ಹೆದರ್ತಾರೆ ಅಂತ ಇಬ್ಬರೂ ಸುಮ್ಮನಿದ್ವಿ. ಡೆವಿ ರೀಸ್ ಅನ್ನೋ ಡಾಕ್ಟರು ವೇಲ್ಸಲ್ಲಿ ಗಂಡನ್ನೋ ಹೆಂಡತೀನೋ ಕಳ್ಕೊಂಡ 293 ಜನರನ್ನ ಮಾತಾಡಿಸಿ 1971ರಲ್ಲಿ ಒಂದು ವರದಿ ಬರೆದ್ರು, ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಇಂಥದ್ದು ಏನಾದ್ರೂ ಆಗಿತ್ತು, ಹೆಚ್ಚಿನವರಿಗೆ ಹೋದವರು ಪಕ್ಕದಲ್ಲೇ ಇದ್ದ ಹಾಗೆ ಅನಿಸಿತ್ತು, ಕೆಲವರಿಗೆ ಕಂಡಿತ್ತು, ಕೆಲವರಿಗೆ ದನಿ ಕೇಳಿತ್ತು, ಅವರಲ್ಲಿ ಹೆಚ್ಚಿನವರು ಅದನ್ನ ಅಲ್ಲಿವರೆಗೂ ಯಾರ ಹತ್ರವೂ ಬಾಯಿಬಿಟ್ಟಿರ್ಲಿಲ್ಲ. ಅದು ಮನುಷ್ಯರ ವಿಷಯ, ನಾಯಿದಲ್ಲ, ಗೊತ್ತು. ಆದ್ರೆ ಹನ್ನೊಂದು ವರ್ಷ ದಿನಾ ಅದೇ ಹೊತ್ತಿಗೆ ಅದೇ ಸದ್ದು ಕೇಳಿ ಪಳಗಿದ ಕಿವಿ ಒಂದೇ ದಿನಕ್ಕೆ ಅದನ್ನ ಹೇಗೆ ಬಿಟ್ಕೊಡುತ್ತೆ ಹೇಳಿ.

ಇಷ್ಟೆಲ್ಲ ಓದಿದ ಮೇಲೆ ಆ ಫೋನಿನ ಸಮಾಧಾನ ಹೊರಟೋಗುತ್ತೆ ಅಂತ ನನಗೆ ಭಯ ಇತ್ತು. ಹೋಗ್ಲಿಲ್ಲ. ಯಾಕೆ ಹೋಗ್ಲಿಲ್ಲ ಅಂತ ಅರ್ಥ ಆಗೋಕೆ ಇನ್ನೂ ಸುಮಾರು ದಿನ ಹಿಡೀತು. ಗುಂಡ ಹೋದಮೇಲೆ ಮನೇಲಿ ಯಾರೂ ಅವನ ಹೆಸರೇ ಎತ್ತುತ್ತಿರ್ಲಿಲ್ಲ, ನನಗೆ ಬೇಜಾರಾಗುತ್ತೆ ಅಂತ. ನಾನೂ ಎತ್ತುತ್ತಿರ್ಲಿಲ್ಲ, ಅಮ್ಮನಿಗೆ ಬೇಜಾರಾಗುತ್ತೆ ಅಂತ. ದಿನಕ್ಕೆ ನೂರು ಸಲ ಕರೀತಿದ್ದ ಹೆಸರು ಒಂದೂವರೆ ತಿಂಗಳು ಆ ಮನೆಯೊಳಗೆ ಯಾರ ಬಾಯಲ್ಲೂ ಬಂದಿರ್ಲಿಲ್ಲ. ಫೋನ್ ಮಾಡಿದ ಆ ವಯಸ್ಸಾದವರು ಅದನ್ನ ಜೋರಾಗಿ ಹೇಳಿದ್ರು, ಅದೂ ಅವನು ಎಲ್ಲೋ ಇಲ್ಲೇ ಹೋಗಿದ್ದಾನೆ, ಬರ್ತಾನೆ ಅನ್ನೋ ಥರ. ನನಗೆ ಬೇಕಿದ್ದಿದ್ದು ಅದು. ಫೋನ್ ಮಾಡಿಸಿದ್ದು ಯಾರು ಅನ್ನೋದು ಆ ಸಮಾಧಾನದೊಳಗೆ ಇರ್ಲೇ ಇಲ್ಲ. ಆ ರಾತ್ರಿ ದೀಪ ಆರಿಸಿದ ಮೇಲೆ, "ಗುಂಡ, ನಿನ್ನ ಕೇಳ್ಕೊಂಡು ಯಾರೋ ಫೋನ್ ಮಾಡಿದ್ರು ಕಣೋ" ಅಂತ ಕತ್ತಲಲ್ಲಿ ಹೇಳಿದೆ. ಪಕ್ಕದ ಕೋಣೆಯಿಂದ ಅಮ್ಮ, "ಯಾರಂತೆ?" ಅಂದ್ರು. ಅಲ್ಲಿಂದ ನಾವು ಅವನ ಬಗ್ಗೆ ಮಾತಾಡೋಕೆ ಶುರು ಮಾಡಿದ್ವಿ.

ನಾಯಿ ಸತ್ತಾಗ ಯಾರೂ ಬಂದು ಮಾತಾಡಿಸಲ್ಲ, ರಜೆ ಕೇಳೋಕೂ ಬಾಯಿ ಬರಲ್ಲ, ನಾಯಿ ತಾನೇ, ಇನ್ನೊಂದು ತಂದ್ಕೊಂಡ್ರಾಯ್ತು ಅಂತಾರೆ. ಸಮಾಜ ದುಃಖ ಅಂತ ಒಪ್ಪದ ಇಂಥ ದುಃಖಗಳ ಬಗ್ಗೆ ಕೆನೆತ್ ಡೋಕಾ ಅನ್ನೋರು 1980ರ ದಶಕದಿಂದ ಬರೀತಾ ಬಂದಿದ್ದಾರೆ, ಅಳೋ ಹಕ್ಕೇ ಸಿಗದ ದುಃಖ ಅನ್ನೋ ಅರ್ಥದ ಹೆಸರು ಅವರು ಇಟ್ಟಿದ್ದು. ಸ್ವರ್ಗದ ಬಾಗಿಲಲ್ಲಿ ನಿಂತು ನಾಯೀನ ಬಿಟ್ಟು ಒಳಗೆ ಬರಲ್ಲ ಅಂದ ಧರ್ಮರಾಯನ ಕಥೆ ಕೇಳ್ಕೊಂಡು ಬೆಳೆದ ನಾವೇ ಒಬ್ಬರಿಗೊಬ್ಬರು ನಾಯಿ ತಾನೇ ಅಂತೀವಲ್ಲ, ಅದು ನನಗೆ ಇವತ್ತಿಗೂ ಅರ್ಥ ಆಗಿಲ್ಲ. ಕೇಳೋರಿಲ್ಲದೆ ಹೋದಾಗ ಮನಸ್ಸು ಉತ್ತರಾನ ಫೋನಲ್ಲಿ, ಬೀದಿನಾಯೀಲಿ, ಸದ್ದಲ್ಲಿ ಹುಡುಕುತ್ತೆ. ತಪ್ಪೇನಿದೆ ಅದರಲ್ಲಿ.

ಯೂಂಗ್ ಅಂತ ಸ್ವಿಟ್ಜರ್ಲೆಂಡಿನ ಮನೋವೈದ್ಯರಿದ್ರಲ್ಲ, ಅವರು ಕಾರಣ ಇಲ್ಲದೆಯೂ ಘಟನೆಗಳು ಅರ್ಥದಿಂದ ಕೂಡ್ಕೊಳ್ತಾವೆ ಅಂತ ನಂಬಿದ್ರು. ಒಬ್ಬ ಮಹಿಳೆ ಕನಸಲ್ಲಿ ಕಂಡ ಬಂಗಾರದ ಜೀರುಂಡೆ ಬಗ್ಗೆ ಅವರಿಗೆ ಹೇಳ್ತಿರೋವಾಗ್ಲೇ ಅಂಥದ್ದೇ ಒಂದು ಹುಳ ಬಂದು ಕಿಟಕಿಗೆ ಬಡೀತಂತೆ, ಅವರು ಕಿಟಕಿ ತೆಗೆದು ಅದನ್ನ ಹಿಡಿದು ಆಕೆ ಕೈಗೇ ಕೊಟ್ಟರಂತೆ. ನಾನು ಅವರಷ್ಟು ದೂರ ಹೋಗಲ್ಲ, ಹೋಗೋರ ಜೊತೆ ಜಗಳನೂ ಆಡಲ್ಲ. ನೀವು ಗುರುತು ಅಂತಲೇ ನಂಬಿದ್ರೆ ನಂಬಿ.

ಆದ್ರೆ ಒಂದು ವಿಷಯ ಕಟ್ಟುನಿಟ್ಟಾಗಿ ಹೇಳ್ತೀನಿ, ಇದನ್ನ ಮಾತ್ರ ಬಿಡಬೇಡಿ. ಈ ಥರ ಜೋಡಿಸೋ ಮನಸ್ಸು ಸಮಾಧಾನ ಕೊಡೋದನ್ನ ಮಾತ್ರ ಜೋಡಿಸಲ್ಲ. ಗುಂಡನಿಗೆ ಹುಷಾರಿಲ್ಲ ಅಂತ ಗೊತ್ತಾಗೋ ಹಿಂದಿನ ವಾರ ನಾನು ಏನೋ ಅವಸರದ ಕೆಲಸದಲ್ಲಿದ್ದೆ, ಅವನು ಮತ್ತೆ ಮತ್ತೆ ಬಂದು ಮೂತೀಲಿ ಮೊಣಕೈ ತಳ್ತಿದ್ದ, "ಹೋಗೋ ಅತ್ಲಾಗೆ" ಅಂತ ಗದರಿದೆ. ಅವನು ಬಾಗಿಲ ಹತ್ರ ಹೋಗಿ ಕೂತು ಅಲ್ಲಿಂದ ನನ್ನೇ ನೋಡ್ತಿದ್ದ. ಹೋಗು ಅಂದೆ, ಹೋದ. ಈ ಎರಡು ಮಾತು ನನ್ನ ತಲೇಲಿ ಎಷ್ಟು ಸಲ ಸುತ್ತಿದೆ ಅಂತ ಲೆಕ್ಕ ಇಲ್ಲ, ರಾತ್ರಿ ಎದ್ದು ಕೂತ್ಕೊಂಡು ಆ ಒಂದು ಮಾತಿಂದಲೇ ಅವನು ಹೊರಟ ಅಂತ ನಂಬಿದ್ದೆ. ಇದೂ ಕಾಕತಾಳೀಯವೇ ಅಲ್ವಾ? ಕಿಡ್ನಿಯ ಹಳೇ ಕಾಯಿಲೇಲಿ ಸುಮಾರು ಮುಕ್ಕಾಲು ಭಾಗ ಕೆಡೋವರೆಗೂ ರಕ್ತಪರೀಕ್ಷೆಲಿ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಹೊರಹಾಕಬೇಕಾದ ಕಸ, ಅಷ್ಟಾಗಿ ಏರೋದೇ ಇಲ್ಲ, ಅಂದ್ರೆ ಅವನ ಕಾಯಿಲೆ ನಾನು ಗದರೋಕೆ ಎಷ್ಟೋ ತಿಂಗಳು ಮೊದಲೇ ಒಳಗೊಳಗೇ ನಡೀತಿತ್ತು. ಫೋನ್ ಬಂದಿದ್ದನ್ನ ಅಷ್ಟೆಲ್ಲ ಲೆಕ್ಕ ಹಾಕಿ ಬರೀ ಕಾಕತಾಳೀಯ ಅಂತ ಒಪ್ಕೊಂಡವರು ನಾವು, ಇದನ್ನ ಯಾಕೆ ಲೆಕ್ಕ ಹಾಕದೆ ತಪ್ಪೊಪ್ಪಿಗೆ ಥರ ಹಿಡ್ಕೊಂಡಿರ್ಬೇಕು? ಹಣ್ಣು ಬಿತ್ತು ಅಂತ ಕಾಗೆಗೆ ಶಿಕ್ಷೆ ಕೊಡೋದಾ? ನೀವು ಬರೆದಿರೋದ್ರಲ್ಲಿ ಒಂದು ಸಾಲು ಇದೆ, "ಆವತ್ತು ನಾನು ಮನೇಲೇ ಇದ್ದಿದ್ರೆ" ಅಂತ. ಅದನ್ನ ಓದಿಯೇ ನಾನು ಇಷ್ಟುದ್ದ ಬರೆಯೋಕೆ ಕೂತಿದ್ದು.

ಇನ್ನೆರಡು ಮಾತು. ಸತ್ತ ಪ್ರಾಣಿ ಜೊತೆ ಮಾತಾಡಿಸ್ತೀವಿ ಅಂತ ದುಡ್ಡು ಕೇಳೋರ ಹತ್ರ ಹೋಗಬೇಡಿ, ನೀವೇ ಹೇಳಿದ್ದನ್ನ ನಿಮಗೇ ತಿರುಗಿಸಿ ಹೇಳ್ತಾರೆ. ಹಾಗೇ ನಿದ್ದೆ, ಊಟ ವಾರಗಟ್ಟಲೆ ಕೈಕೊಟ್ರೆ, ಬದುಕೋದೇ ಬೇಡ ಅನಿಸಿದ್ರೆ ದಯವಿಟ್ಟು ಆವತ್ತೇ ಡಾಕ್ಟ್ರನ್ನೋ ಕೌನ್ಸೆಲರನ್ನೋ ನೋಡಿ, ನಾಯಿಗೋಸ್ಕರಾನಾ ಅಂತ ನಾಚ್ಕೊಳ್ಳಬೇಡಿ. ಮನೇಲಿ ಇನ್ನೊಂದು ನಾಯಿ ಇದ್ರೆ ಅದನ್ನೂ ಗಮನಿಸಿ, ಅದೂ ಹುಡುಕ್ತಿರುತ್ತೆ.

ಗುಂಡನ ಚೈನು ಈಗ ಬಾಗಿಲ ಹಿಂದೆ ಮೊಳೇಲಿದೆ. ಬಾಗಿಲು ತೆಗೆದಾಗೆಲ್ಲ ಸಣ್ಣಗೆ ಕಿಣಿ ಅನ್ನುತ್ತೆ. ಅದು ಯಾಕೆ ಸದ್ದು ಮಾಡುತ್ತೆ ಅಂತ ನನಗೆ ಚೆನ್ನಾಗಿ ಗೊತ್ತು, ಆದ್ರೂ ದಿನಾ ಒಂದು ಸಲ ತಿರುಗಿ ನೋಡ್ತೀನಿ.

ನೀವು ಅದರ ಕಿವಿ ಬಗ್ಗೆ ಬರೆದ್ರಿ, ಉಗುರಿನ ಬಗ್ಗೆ ಬರೆದ್ರಿ, ಹೆಸರು ಮಾತ್ರ ಎಲ್ಲೂ ಬರೆದಿಲ್ಲ. ಏನಂತ ಕರೀತಿದ್ರಿ? ಇವತ್ತು ಒಂದು ಸಲ ಜೋರಾಗಿ ಕರೀರಿ, ಮನೇಲಿ ಯಾರಾದ್ರೂ ಇದ್ರೂ ಪರವಾಗಿಲ್ಲ. ನಾನು ಕೇಳ್ದೆ ಅಂತ ಹೇಳಿ.