ಮೊದಲ ಕೀಬೋರ್ಡ್‌ಗೆ 61 ಕೀ ಸಾಕಾ?

ಮಗಳ ಕಲಿಕೆಗೆ 61 ಕೀ ಸಾಕಾ, ಕಾರ್ಯಕ್ರಮದಲ್ಲಿ ಸ್ಪೀಕರ್‌ಗೆ ಜೋಡಿಸೋದು ಹೇಗೆ ಅಂತ ಕೇಳಿದ್ದೀರಿ. ಧಾರಾಳವಾಗಿ ಸಾಕು, ಐದು ಸಪ್ತಕ ಸಿಗುತ್ತದೆ. ಪಿಯಾನೋನೇ ಗುರಿಯಾದರೆ ಮಾತ್ರ 88 ನೋಡಿ.

ಆದರೆ ಟಚ್ ಸೆನ್ಸಿಟಿವ್ (ಒತ್ತುವ ಜೋರಿಗೆ ತಕ್ಕಂತೆ ಸದ್ದು ಏರಿಳಿಯುವಂಥದ್ದು) ಅಲ್ಲದ್ದು ದಯವಿಟ್ಟು ಬೇಡ. ಕೊಳ್ಳುವ ಮುಂಚೆ ಒಂದೇ ಕೀಯನ್ನು ಮೆಲ್ಲಗೆ ಒತ್ತಿ, ಆಮೇಲೆ ಜೋರಾಗಿ ಒತ್ತಿ. ಎರಡು ಸಲವೂ ಸದ್ದು ಒಂದೇ ಥರ ಬಂದರೆ, ಸೆಟ್ಟಿಂಗ್‌ನಲ್ಲಿ ಟಚ್ ಆಫ್ ಆಗಿದೆಯಾ ನೋಡಿ. ಆಫ್ ಆಗಿಲ್ಲವೆಂದರೆ ಆ ಕೀಬೋರ್ಡ್ ಬಿಟ್ಟುಬಿಡಿ. ಬೆರಳಿನ ಹದ ಶುರುವಿನಲ್ಲೇ ಕೂರಬೇಕು, ಅಲ್ವಾ?

ಕೀಬೋರ್ಡ್‌ನಲ್ಲಿ ಲೈನ್ ಔಟ್ (ಸದ್ದನ್ನು ಹೊರಗೆ ಕಳಿಸುವ ಜ್ಯಾಕ್) ಇಲ್ಲದಿದ್ದರೆ ಹೆಡ್‌ಫೋನ್ ಜ್ಯಾಕ್‌ನಿಂದಲೇ ಸ್ಪೀಕರ್‌ಗೆ ಹೋಗುವ ಸೌಂಡ್ ಮಿಕ್ಸರ್‌ಗೆ ಕೊಡಬಹುದು. ವಾಲ್ಯೂಮ್ ಪೂರ್ತಿ ಇಳಿಸಿ ಮೊದಲು ಕೀಬೋರ್ಡ್, ಕೊನೆಗೆ ಸ್ಪೀಕರ್ ಆನ್ ಮಾಡಿ. ಆಫ್ ಮಾಡುವಾಗ ಸ್ಪೀಕರ್ ಮೊದಲು. ಇಲ್ಲದಿದ್ದರೆ ಠಪ್ ಅಂತ ಹೊಡೆಯುತ್ತದೆ. ಪೆಡಲ್ (ಸ್ವರ ಎಳೆದು ನಿಲ್ಲಿಸಲು ಕಾಲಲ್ಲಿ ಒತ್ತುವಂಥದ್ದು) ಇದ್ದರೆ ಅದನ್ನು ಸಿಕ್ಕಿಸಿಯೇ ಕೀಬೋರ್ಡ್ ಆನ್ ಮಾಡಿ, ಆಗ ಪೆಡಲ್ ಮೇಲೆ ಕಾಲಿಡಬೇಡಿ. ಇಟ್ಟರೆ ಎಷ್ಟೋ ಮಾಡೆಲ್‌ಗಳಲ್ಲಿ ಪೆಡಲ್ ಉಲ್ಟಾ ಕೆಲಸ ಮಾಡತೊಡಗುತ್ತದೆ.