ಅತ್ತೆ ಕನ್ನಡ ಮರೆಯುತ್ತಿದ್ದಾರೆಯೇ?

ಪ್ರಶ್ನೆ: ನಮ್ಮತ್ತೆಗೆ 71 ವರ್ಷ. ಮನೆಮಾತು ತೆಲುಗು. ಮದುವೆಯಾದ ಮೇಲೆ ಕಲಿತ ಕನ್ನಡವನ್ನೂ ಸರಾಗವಾಗಿ ಆಡುತ್ತಿದ್ದರು. ಈಚೆಗೆ ಮೊಮ್ಮಕ್ಕಳ ಕನ್ನಡ ಅವರಿಗೆ ತಿಳಿಯುವುದಿಲ್ಲ, ತೆಲುಗಿನಲ್ಲೇ ಏನೋ ಉತ್ತರ ಕೊಡುತ್ತಾರೆ. ಮರೆವಿನ ಕಾಯಿಲೆಯ ಶುರುವೇ?
– ಓದುಗರೊಬ್ಬರು, ಕೋಲಾರ

ಉತ್ತರ: ಮರೆವಿನ ಚಿಂತೆ ಆಮೇಲೆ, ಮೊದಲು ಕಿವಿ ತೋರಿಸಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಕೀಚಲು ಸದ್ದುಗಳನ್ನು. ಅ, ಆ, ಓ ಚೆನ್ನಾಗಿಯೇ ಕೇಳುತ್ತವೆ. ಸ, ಶ, ತ, ಕ ಮಸುಕಾಗುತ್ತವೆ. ಹೇಳಿದ್ದು ‘ತಟ್ಟೆ’ಯೋ ‘ಕಟ್ಟೆ’ಯೋ ಗೊತ್ತಾಗದು. ‘ಕೇಳ್ಸುತ್ತೆ, ಏನಂದ್ರೋ ತಿಳಿಯಲ್ಲ’ ಎಂದು ಹಿರಿಯರು ಹೇಳುವುದು ಇದನ್ನೇ. ಹುಟ್ಟಿನಿಂದ ಆಡಿದ ಭಾಷೆಯಾದರೆ ಕೇಳದ ಅಕ್ಷರವನ್ನು ಮಿದುಳು ಊಹಿಸಿ ತುಂಬಿಕೊಳ್ಳುತ್ತದೆ. ಆಮೇಲೆ ಕಲಿತ ಭಾಷೆಯಲ್ಲಿ, ಅದೂ ಮಿಕ್ಸಿ, ಟಿವಿ ಗಲಾಟೆಯ ನಡುವೆ, ಆ ಊಹೆ ಬೇಗ ಕೈಕೊಡುತ್ತದೆ. ಮಕ್ಕಳ ದನಿ ತೆಳು, ಮಾತು ಬೇರೆ ವೇಗ.

ಇಎನ್‌ಟಿ ವೈದ್ಯರಲ್ಲಿ ಗುಗ್ಗೆ ಇದೆಯೇ ನೋಡಿಸಿ. ಮನೆಯಲ್ಲಿ ಬಡ್ಸ್ ಹಾಕಿದರೆ ಅದು ಇನ್ನೂ ಒಳಕ್ಕೆ ಹೋಗುತ್ತದೆ. ನಂತರ ಆಡಿಯೋಗ್ರಾಂ, ಅಂದರೆ ಕಿವಿ ಎಷ್ಟು ಕೇಳುತ್ತದೆಂದು ಅಳೆಯುವ ಪರೀಕ್ಷೆ. ತಗ್ಗು ಸದ್ದಿನಿಂದ ಕೀಚಲಿನವರೆಗೆ, 250ರಿಂದ 8000 ಹರ್ಟ್ಸ್‌ವರೆಗಿನ ಬರೀ ಬೀಪ್ ಸದ್ದು ಕೇಳಿಸಿ ಮುಗಿಸಿದರೆ ಸಾಲದು. ಪದ ಕೇಳಿಸಿ ತಿರುಗಿ ಹೇಳಿಸುವ ಪರೀಕ್ಷೆಯೂ ಬೇಕು, ಆದರೆ ಎರಡೂ ಭಾಷೆಯಲ್ಲಿ. ಕನ್ನಡ ಪದಗಳಿಂದ ಮಾತ್ರ ಅಳೆದರೆ ಕಿವಿಯ ಸ್ಥಿತಿ ಇರುವುದಕ್ಕಿಂತ ಕೆಟ್ಟದಾಗಿ ಕಾಣಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ, ಶ್ರವಣ ಯಂತ್ರ ಎರಡೂ ಸಿಗುತ್ತವೆ.

ಎರಡೂ ಕಿವಿ ಮಂದವಾಗಿದ್ದರೆ ಸಾಮಾನ್ಯವಾಗಿ ಎರಡಕ್ಕೂ ಯಂತ್ರ ಬೇಕು. ಮೊದಲ ವಾರ ಮನೆಯೊಳಗೆ, ದಿನಕ್ಕೆರಡು ಮೂರು ಗಂಟೆ, ಒಬ್ಬರೊಂದಿಗೆ ಮಾತಾಡುವಾಗ ಹಾಕಲಿ; ಕ್ರಮೇಣ ಹೆಚ್ಚಿಸಿ. ಮೊದಲ ದಿನವೇ ಮದುವೆ ಮನೆಗೆ ಹಾಕಿಸಿ ಕರೆದೊಯ್ದರೆ ಯಂತ್ರ ಡಬ್ಬಿ ಸೇರುವುದು ಖಂಡಿತ. ಕುಂಯ್ ಎಂದು ಕೂಗಿದರೆ ಕಿವಿಯೊಳಗಿನ ಅಚ್ಚು ಸಡಿಲವಾಗಿದೆ ಅಥವಾ ಗುಗ್ಗೆ ಕಟ್ಟಿದೆ. ಎಷ್ಟೋ ಮನೆಗಳಲ್ಲಿ ಇದನ್ನೇ ‘ಯಂತ್ರ ಕೆಟ್ಟಿತು’ ಅನ್ನುತ್ತಾರೆ. ಮಾತಾಡುವವರು ಕಿರುಚಬಾರದು. ಎದುರಿಗೆ ಬಂದು, ಟಿವಿ ಆರಿಸಿ, ನಿಧಾನವಾಗಿ ಹೇಳಲಿ. ತಿಳಿಯದಿದ್ದರೆ ಅದನ್ನೇ ಮತ್ತೆ ಮತ್ತೆ ಹೇಳದೆ ಬೇರೆ ಪದಗಳಲ್ಲಿ ಹೇಳಲಿ.

ಕನ್ನಡ ಬಿಡಿಸಿ ತೆಲುಗಿಗೇ ಇಳಿಸಬೇಡಿ. ಹೈದರಾಬಾದಿನಲ್ಲಿ 648 ಡಿಮೆನ್ಶಿಯಾ (ಮರೆವಿನ ಕಾಯಿಲೆ) ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಹಾಗಂತ ಅದು ರಕ್ಷಾಕವಚವೇನಲ್ಲ.

ನಿಶ್ಶಬ್ದ ಕೋಣೆಯಲ್ಲಿ, ಯಂತ್ರ ಹಾಕಿಕೊಂಡು, ತೆಲುಗಿನಲ್ಲೂ ಪದಕ್ಕೆ ತಡಕಾಡಿದರೆ, ಗೊತ್ತಿರುವ ದಾರಿ, ಹಣದ ಲೆಕ್ಕ ತಪ್ಪಿದರೆ ನರರೋಗ ತಜ್ಞರಿಗೆ ತೋರಿಸಿ. ನೆನಪಿನ ಪರೀಕ್ಷೆಯನ್ನೂ ಯಂತ್ರ ಹಾಕಿಸಿ, ತೆಲುಗಿನಲ್ಲೇ ಮಾಡಿಸಿ. ಪ್ರಶ್ನೆಯೇ ಕೇಳದವರಿಗೆ ಅಂಕ ಕಡಿಮೆಯೇ ಬರುತ್ತದೆ.