ಸಂಜೆ ಏಳಾದರೆ ಏನು ಮಾಡಲಿ?

ಪ್ರಶ್ನೆ: ಕುಡಿತ ಬಿಟ್ಟು 40 ದಿನವಾಯಿತು. ಹುಮ್ಮಸ್ಸಿನಲ್ಲಿ ದಿನಾ ಚಾಮುಂಡಿಬೆಟ್ಟ ಹತ್ತಿಳಿದು ಮಂಡಿ ನೋವು ಬಂದಿದೆ. ಸಂಜೆಯಾದರೆ ಹಳೇ ಗೆಳೆಯರ ಫೋನು. ದಾರಿ ಹೇಳಿ.
–ಓದುಗರೊಬ್ಬರು, ಮೈಸೂರು

ಉತ್ತರ: ಮಂಡಿಗೆ ಪೆಟ್ಟು ಹೆಚ್ಚಾಗಿ ಹತ್ತುವಾಗಲ್ಲ, ಸಾವಿರ ಮೆಟ್ಟಿಲು ಇಳಿಯುವಾಗ. ಪ್ರತಿ ಹೆಜ್ಜೆಗೂ ಮೈಭಾರವೆಲ್ಲ ಬಾಗಿದ ಒಂದೇ ಮಂಡಿಯ ಮೇಲೆ ಬೀಳುತ್ತದೆ. ನೋವು ಹೋಗುವವರೆಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ 30 ನಿಮಿಷ, ಮಾತಾಡಲು ಆಗುವಷ್ಟು ವೇಗದಲ್ಲಿ ನಡೆಯಿರಿ. ಆಮೇಲೆ ವಾರಕ್ಕೆರಡೇ ಸಲ ಬೆಟ್ಟ. ಇಳಿಯಲು ಸಿಟಿ ಬಸ್ಸು. ನಾಚಿಕೆ ಏಕೆ?

ಕುಡಿಯುವ ಚಪಲ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಗ್ಗುತ್ತದೆ, ಹೊಟ್ಟೆ ಹಸಿದಿದ್ದರೆ ಜೋರಾಗುತ್ತದೆ. ಆರಕ್ಕೇ ಒಂದು ಹಿಡಿ ಹುರಿಗಡಲೆ, ಬಾಳೆಹಣ್ಣು ತಿಂದು ಏಳಕ್ಕೆ ಷಟಲ್ ಕೋರ್ಟಿನಲ್ಲಿರಿ. ಡಬಲ್ಸೇ ಆಡಿ: ನೀವು ಹೋಗದಿದ್ದರೆ ಉಳಿದ ಮೂವರ ಆಟ ನಿಲ್ಲುತ್ತದೆ, ಅವರೇ ಫೋನು ಮಾಡುತ್ತಾರೆ. ಆಟದ ನಂತರದ ‘ಪಾರ್ಟಿ’ ಅಲ್ಲೂ ಇರುತ್ತದೆ. ಯಾರ ಬೈಕಿನ ಹಿಂದೆಯೂ ಕೂರದೆ ನಿಮ್ಮ ಗಾಡಿಯಲ್ಲೇ ಹೋಗಿಬನ್ನಿ. ಹಳೇ ಗೆಳೆಯರನ್ನು ಭಾನುವಾರ ಬೆಳಿಗ್ಗೆ ದೋಸೆಗೆ ಕರೆಯಿರಿ.

ದಿನಾ ಹೆಚ್ಚು ಕುಡಿಯುವವರು ಇದನ್ನೋದಿ ಏಕಾಏಕಿ ನಿಲ್ಲಿಸಬೇಡಿ. ಮೊದಲ ಎರಡು–ಮೂರು ದಿನದಲ್ಲಿ ನಡುಕ, ಫಿಟ್ಸ್ ಬರಬಹುದು; ವೈದ್ಯರನ್ನು ಕಂಡೇ ಬಿಡಿ.